ಕಥೆ ಎಂದು ಓದಿಕೊಳ್ಳತಕ್ಕದ್ದು

ಅಕ್ಕೋರು ತೀರಿಕೊಂಡು ಹದಿನೈದು ದಿನಕ್ಕೆ ಚಿತ್ತಾಪುರದಲ್ಲಿ ಅವರ ಹಳೆಯ ಶಾಲೆಯವರು ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಮಾತಾಡಿದ ನಾಲ್ಕೂ ಮಂದಿ ಅವರನ್ನು ನಮ್ಮ ಭಾಗದ ಕಥೆಗಾರ್ತಿ ಎಂದರು. ಒಬ್ಬರಂತೂ ಅವರ ಒಂದು ಕಥೆಯನ್ನೇ ಹಿಡಿದು, ಅದರೊಳಗಿನ ತಾಯಿಯ ಪಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ ಎಂದು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಂತು ಒಂದು ಮಾತು ಹೇಳಬೇಕು ಅನ್ನಿಸಿತು. ಅಕ್ಕೋರು ತಮ್ಮ ಜನ್ಮದಲ್ಲಿ ಒಂದೂ ಕಥೆ ಬರೆದವರಲ್ಲ. ಬರೆದದ್ದೆಲ್ಲ ಪ್ರಬಂಧ. ತಮ್ಮ ಓಣಿ, ತಮ್ಮ ಅಪ್ಪ ಅವ್ವ, ತಮ್ಮ ಪಾಲಿಗೆ ಬಂದದ್ದು. ಆದರೆ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಅವರನ್ನು ಕಥೆಗಾರ್ತಿ ಮಾಡಿದ ಕಾಗದವನ್ನು ಟೈಪ್ ಮಾಡಿದವನು ನಾನೇ.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಹೆಸರು ಎರಡಿದ್ದವು, ಶಾಲೆಯ ರಜಿಸ್ಟರಿನದೊಂದು, ಮನೆಯಲ್ಲಿ ಕರೆಯುವುದೊಂದು. ಅವರ ತಮ್ಮನ ಮಗಳು ಇನ್ನೂ ಸರಕಾರಿ ನೌಕರಿಯಲ್ಲಿದ್ದಾಳೆ. ಈ ಬರಹ ಹಿಡಿದುಕೊಂಡು ಯಾರೂ ಅವಳ ಮನೆ ಬಾಗಿಲಿಗೆ ಹೋಗಬಾರದು ಎಂದು ಒಂದೆರಡು ಗುರುತುಗಳನ್ನೂ ಬದಲಿಸಿದ್ದೇನೆ. ನಮ್ಮ ಕಡೆ ಹೆಣ್ಣು ಟೀಚರನ್ನು ಕರೆಯುವ ಹಾಗೆ, ಚಿತ್ತಾಪುರದಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಇಲ್ಲೂ ಹಾಗೇ ಇರಲಿ.

ನಾನು ದಂಡೋತಿಯವನು. ನಮ್ಮ ಮುತ್ಯಾ ಕಾಗಿಣಾ ನದಿಯಲ್ಲಿ ಬಲೆ ಬೀಸುತ್ತಿದ್ದ, ಅಪ್ಪ ಹೊಲ ಮಾಡಿದ, ನಾನು ಚಿತ್ತಾಪುರದ ಕೋರ್ಟಿನ ಎದುರು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟೆ. ಅಫಿಡವಿಟ್, ತಕರಾರು ಅರ್ಜಿ, ವಂಶಾವಳಿ, ಜಾತಿ ಪ್ರಮಾಣ ಪತ್ರದ ಅರ್ಜಿ ಇವೇ ನನ್ನ ದಿನದ ಕೆಲಸ. ಅಂಥ ಅಂಗಡಿಗೆ ಒಂದು ದಿನ ಮಧ್ಯಾಹ್ನ ಹೈಸ್ಕೂಲಿನ ಕನ್ನಡ ಅಕ್ಕೋರು ಬಂದು, ಉತ್ತರ ಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆದ ಆರು ಹಾಳೆಗಳನ್ನು ಮುಂದಿಟ್ಟರು.

"ತಮ್ಮಾ, ಇದನ್ನ ಟೈಪ್ ಮಾಡ್ತೀ ಏನು? ಅರ್ಜಿ ಅಲ್ಲ ಇದು. ಓದಿಕೊಂತ ಟೈಪ್ ಮಾಡಬೇಕು."

ನಾನು ಟೈಪ್ ಮಾಡಿದ್ದನ್ನು ಅಲ್ಲೇ ಕೂತು ಕೆಂಪು ಪೆನ್ನಿನಿಂದ ತಿದ್ದಿದರು. ಒಂದು ಪುಟಕ್ಕೆ ಹದಿನೇಳು ತಪ್ಪು. ಸಕಾರ ಶಕಾರ ಎರಡೂ ನನಗೆ ಒಂದೇ ಆಗಿದ್ದವು. ಕೊನೆಗೆ ಹತ್ತಕ್ಕೆ ಮೂರು ಅಂಕ ಹಾಕಿ ಕೊಟ್ಟರು. ನಾನು ನಕ್ಕೆ, ಅವರು ನಗಲಿಲ್ಲ. ಮುಂದಿನ ತಿಂಗಳು ಐದು, ಅದರ ಮುಂದಿನ ತಿಂಗಳು ಐದೂವರೆ. ಎಂಟರ ಮೇಲೆ ಅವರು ನನಗೆ ಎಂದೂ ಹಾಕಲಿಲ್ಲ. ಇವತ್ತು ನಾನು ನಾಲ್ಕು ಸಾಲು ನೆಟ್ಟಗೆ ಬರೆಯುತ್ತೇನೆಂದರೆ ಅದು ಅವರ ಕೆಂಪು ಪೆನ್ನಿನ ಉಪಕಾರ.

ಚಹಾ ತರಿಸಿದರೆ ಕುಡಿದು, ಕಪ್ಪನ್ನು ತಾವೇ ಹೊರಗೆ ಒಯ್ದು ಕೊಡದ ನೀರಿನಲ್ಲಿ ತೊಳೆದು ತಂದಿಡುತ್ತಿದ್ದರು. "ಬ್ಯಾಡ್ರಿ ಅಕ್ಕೋರೆ, ಹೋಟೆಲಿನವನು ತೊಳಕೋತಾನ" ಎಂದು ನಾನು ಎಷ್ಟು ಸಲ ಹೇಳಿದರೂ ಕೇಳುತ್ತಿರಲಿಲ್ಲ. ನಾಲ್ಕನೆಯದೋ ಐದನೆಯದೋ ಪ್ರಬಂಧ ಟೈಪ್ ಮಾಡುವಾಗ ತಿಳಿಯಿತು. ಟೀಚರ್ ಟ್ರೇನಿಂಗ್ ಮಾಡುವಾಗ ಅವರು ಬಾಡಿಗೆಗೆ ಇದ್ದ ಮನೆಯವರು ಅವರಿಗೊಂದು ಬೇರೆ ಕಪ್ಪು ಇಟ್ಟಿದ್ದರಂತೆ. ಅದನ್ನು ಅವರೇ ತೊಳೆದು ಕಿಟಕಿಯಲ್ಲಿ ಬೋರಲು ಹಾಕಬೇಕು. ಎರಡು ವರ್ಷ ಹಾಗೆ ಮಾಡಿದ ಮೇಲೆ ಕೈಗೆ ರೂಢಿಯಾಗಿ, ಈಗ ಯಾರೂ ಹೇಳದಿದ್ದರೂ ಕೈ ತಾನೇ ಎದ್ದು ಹೋಗುತ್ತದೆ ಎಂದು ಬರೆದಿದ್ದರು. ಅದನ್ನು ಟೈಪ್ ಮಾಡಿದ ದಿನದಿಂದ ನಾನು ಬೇಡ ಅನ್ನುವುದನ್ನು ಬಿಟ್ಟೆ.

ಅವರ ಮನೆ ಶಹಾಬಾದಿನಲ್ಲಿ. ಅಪ್ಪ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲು ಎಬ್ಬಿಸುವವನು. ಕೊನೆಯ ದಿನಗಳಲ್ಲಿ ಅವನು ಕೆಮ್ಮಿದರೆ ಬಿಳಿ ಅರಿವೆಯ ಮೇಲೆ ಕಲ್ಲಿನ ಬಣ್ಣ ಬೀಳುತ್ತಿತ್ತು ಎಂದು ಅವರೊಮ್ಮೆ ಬರೆದಿದ್ದರು. ಅಕ್ಕೋರು ದಿನಾ ಶಹಾಬಾದದಿಂದ ರೈಲಿಗೆ ವಾಡಿಗೆ ಬಂದು, ಅಲ್ಲಿ ಇಳಿದು, ಚಿತ್ತಾಪುರದ ಕಡೆ ಹೋಗುವ ಗಾಡಿಗೆ ಕಾಯಬೇಕು. ಪ್ರಬಂಧಗಳೆಲ್ಲ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಬರೆದವು.

"ಮನ್ಯಾಗ ಬರೀಲಾಕ ಬರಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಶಹಾಬಾದದಾಗ ನಾ ಒಬ್ಬಾಕಿ. ಚಿತ್ತಾಪುರದಾಗ ಇನ್ನೊಬ್ಬಾಕಿ. ವಾಡಿಯೊಳಗ ನಾ ಯಾರಂತ ಯಾರಿಗೂ ಬೇಕಾಗಿಲ್ಲ. ಅಲ್ಲೇ ಕೈ ನಡೀತದ" ಎಂದರು.

ಆಗ ನನಗೆ ಅದರ ಅರ್ಥ ಆಗಲಿಲ್ಲ. ಎರಡು ಕಡೆಯ ಓಡಾಟದ ದಣಿವು ಅಂದುಕೊಂಡೆ.

ಟೈಪ್ ಮಾಡುವವನಿಗೆ ಒಂದು ವಿಚಿತ್ರ ಅನುಕೂಲ ಇರುತ್ತದೆ. ಓದುಗರು ಬರೆದದ್ದನ್ನು ನೋಡುತ್ತಾರೆ, ನಾವು ಹೊಡೆದು ಹಾಕಿದ್ದನ್ನೂ ನೋಡುತ್ತೇವೆ. ಅಕ್ಕೋರ ಹಾಳೆಗಳಲ್ಲಿ ಕೆಲವು ಮಾತುಗಳ ಮೇಲೆ ಮಾತ್ರ ಗೀಟು ದಪ್ಪಗಿರುತ್ತಿತ್ತು. 'ರವಿವಾರ' ಎಂದು ಬರೆದು ಹೊಡೆದು 'ಒಂದು ದಿನ' ಮಾಡಿರುತ್ತಿದ್ದರು. ಅವ್ವ 'ಪ್ರಾರ್ಥನೆಗೆ ಹೋದಾಗ' ಎಂದಿದ್ದದ್ದು 'ಹೊರಗೆ ಹೋದಾಗ' ಆಗಿರುತ್ತಿತ್ತು. ಹಾಳೆ ನನ್ನ ಕೈಗೆ ಕೊಡುವಾಗ ಅಂಥ ಜಾಗದ ಮೇಲೆ ಅವರ ಹೆಬ್ಬೆರಳು ತಾನಾಗಿ ಹೋಗಿ ಕೂತಿರುತ್ತಿತ್ತು.

ಒಂದು ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ಕಂಪ್ಯೂಟರ್ ಬಂದಾಯಿತು. ಅಂಗಡಿಯಲ್ಲಿ ನಾವಿಬ್ಬರೇ. ಸುಮ್ಮನೆ ಕೂಡಲಾರದೆ ಕೇಳಿಬಿಟ್ಟೆ. "ಅಕ್ಕೋರೆ, ನಿಮ್ಮವ್ವ ರವಿವಾರ ಎಲ್ಲಿ ಹೋಗ್ತಾರ್ರಿ?"

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ನಿಧಾನಕ್ಕೆ ಹೇಳಿದರು.

ಅವರಿಗೆ ಏಳು ವರ್ಷ ಇದ್ದಾಗ ಅಪ್ಪ ಕಲ್ಲಿನಡಿ ಸಿಕ್ಕು ಮೂರು ತಿಂಗಳು ಮಲಗಿದ್ದ. ಆಗ ಮನೆಗೆ ಬಂದವರು ಒಬ್ಬ ಪಾದ್ರಿ ಮತ್ತು ಅವರ ಹೆಂಡತಿ. ಅಪ್ಪನ ಹೇಸಿಗೆ ತೆಗೆದರು, ರೊಟ್ಟಿ ಬಡಿದು ಹಾಕಿದರು, ಅದೇ ಗಂಗಾಳದಲ್ಲಿ ತಾವೂ ಉಂಡರು. ಅಪ್ಪ ಎದ್ದು ನಡೆದಾಡಿದ ವರ್ಷ ಇಡೀ ಮನೆ ದೀಕ್ಷಾಸ್ನಾನ ಮಾಡಿಸಿಕೊಂಡಿತು. ಆದರೆ ಶಾಲೆಯಲ್ಲಿ ಹಚ್ಚಿದ ಹೆಸರು, ಜಾತಿ, ಧರ್ಮ ಹಾಗೇ ಉಳಿದವು. ಕಾನೂನಿನ ಪ್ರಕಾರ ಕ್ರೈಸ್ತರಾದ ಕೂಡಲೇ ಪರಿಶಿಷ್ಟ ಜಾತಿ ಹೋಗುತ್ತದೆ. ಓಣಿಯಲ್ಲಿ, ಬಾವಿಕಟ್ಟೆಯಲ್ಲಿ, ಬಾಡಿಗೆ ಮನೆಯಲ್ಲಿ ಹೋಗುವುದಿಲ್ಲ. ಅವರು ಓದಿದ್ದು, ನೌಕರಿ ಹಿಡಿದದ್ದು ಎಲ್ಲ ಆ ಹಳೆಯ ಪ್ರಮಾಣ ಪತ್ರದ ಮೇಲೆ.

"ಬ್ಯಾರೆ ಕಪ್ಪು ಇಟ್ಟಾಗ ನಂಗ ಯಾರೂ ನೀ ಯಾವ ದೇವರಾಕಿ ಅಂತ ಕೇಳಲಿಲ್ಲ ತಮ್ಮಾ. ನೌಕರಿ ಅರ್ಜಿಯೊಳಗ ಮಾತ್ರ ಕೇಳ್ತಾರ. ಜಾತಿ ಬಗ್ಗೆ ಖರೆ ಬರದ್ರ ಮಂದಿ ಚಪ್ಪಾಳಿ ಹೊಡೀತಾರ. ದೇವರ ಬಗ್ಗೆ ಖರೆ ಬರದ್ರ ನನ್ನ ನೌಕರಿ ಹೋಗ್ತದ. ಅರ್ಧ ಬರೀಲಾಕತ್ತೀನಿ."

ಕರೆಂಟ್ ಬಂತು. "ಹಾಂ, ಶುರು ಮಾಡು" ಎಂದರು. ಆ ವಿಷಯವನ್ನು ಯಾರ ಮುಂದೂ ಎತ್ತಬೇಡ ಎಂದು ನನಗೆ ಹೇಳಲೂ ಇಲ್ಲ.

ಕಲಬುರಗಿಯಿಂದ ಬರುವ ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಅವರ ಪ್ರಬಂಧಗಳು ಬರುತ್ತಿದ್ದವು. ಓದಿದವರು ಕಾಗದ ಬರೆಯುತ್ತಿದ್ದರು. ಸೇಡಂನ ಒಂದು ಕಾಲೇಜಿನವರು ಮಾತಾಡಲು ಕರೆದರು. ಪ್ರತಿಗಳ ಗಂಟು ಹೊರಲು ನಾನೂ ಹೋದೆ. ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಸರಳವಾಗಿ ಕೇಳಿದಳು. "ಮೇಡಂ, ನೀವು ಯಾವ ದೇವರಿಗಿ ನಡಕೋತೀರಿ?"

ಅಕ್ಕೋರು ಒಂದು ಗಳಿಗೆ ಮೈಕಿನ ಕಂಬ ಹಿಡಿದುಕೊಂಡು ನಿಂತರು. "ನಮ್ಮಪ್ಪ ಒಡೀತಿದ್ದ ಕಲ್ಲಿಗಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರು ಆ ಮಾತನ್ನು ಬರೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಹಾಗೇ ಕೂತು, "ಆ ಹುಡುಗಿ ಖರೆ ಕೇಳಿದಳು. ನಾ ಚಂದ ಕಾಣೋ ಸುಳ್ಳ ಹೇಳಿದೆ. ಚಪ್ಪಾಳಿ ಬಿದ್ದದ್ದು ಅದಕ್ಕ" ಎಂದರು.

ಆ ವರ್ಷವೇ ಪತ್ರಿಕೆಯವರು ತಾಯಂದಿರ ಕುರಿತು ವಿಶೇಷ ಸಂಚಿಕೆ ಮಾಡಿದರು. ಅಕ್ಕೋರು ಅವ್ವನ ಬಗ್ಗೆ ಬರೆದರು. ಸಂಪಾದಕರು ಓದಿ, ಎಲ್ಲ ಚೆನ್ನಾಗಿದೆ, ಆದರೆ ತಾಯಿಯ ಭಕ್ತಿ ಎಲ್ಲೂ ಬಂದಿಲ್ಲ, ಒಂದು ಪುಟ ಸೇರಿಸಿ ಎಂದು ಹೇಳಿ ಕಳಿಸಿದರು. ಅಕ್ಕೋರು ವಾಡಿಯಲ್ಲಿ ಎರಡು ದಿನ ಆ ಹಾಳೆ ಇಟ್ಟುಕೊಂಡು ಕೂತರು. ಮೂರನೆಯ ದಿನ ತಂದುಕೊಟ್ಟ ಪುಟದಲ್ಲಿ ಅವರವ್ವ ಪ್ರತಿ ಸಂಜೆ ಖಣಿಯ ದಂಡೆಯ ಗ್ರಾಮದೇವತೆ ಮರಗಮ್ಮನ ಕಲ್ಲಿಗೆ ದೀಪ ಹಚ್ಚಿ, ಗಂಡ ಸುಖವಾಗಿ ಮನೆಗೆ ಬರಲಿ ಎಂದು ಕೈ ಮುಗಿಯುತ್ತಿದ್ದಳು. ದಪ್ಪ ಗೀಟು ಒಂದೂ ಇರಲಿಲ್ಲ. ಅವರ ಬರವಣಿಗೆಯಲ್ಲೇ ಅಷ್ಟು ಅಂದವಾದ ಪುಟ ನಾನು ನೋಡಿರಲಿಲ್ಲ. ಸಂಚಿಕೆ ಬಂದ ಮೇಲೆ ಎಲ್ಲರೂ ಆ ದೀಪದ ಮಾತನ್ನೇ ಆಡಿದರು.

ಅವರವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ತಮ್ಮನ ಮಗಳು ಅತ್ತೆಯ ಹೆಸರು ಅಚ್ಚಿನಲ್ಲಿ ನೋಡಿ ಹಿಗ್ಗಿ, ಪತ್ರಿಕೆ ತಂದು ಅಂಗಳದಲ್ಲಿ ಕೂತು ಅಜ್ಜಿಗೆ ಇಡೀ ಪ್ರಬಂಧ ಓದಿ ಹೇಳಿದಳು. ದೀಪದ ಪುಟ ಬರುವ ಹೊತ್ತಿಗೆ ಹುಡುಗಿಗೆ ಇದು ತನ್ನ ಅಜ್ಜಿ ಅಲ್ಲ ಎಂದು ತಿಳಿಯಿತು, ಆದರೆ ನಿಲ್ಲಿಸಲಾಗಲಿಲ್ಲ. ಅಜ್ಜಿ ಪೂರಾ ಕೇಳಿಸಿಕೊಂಡಳು. ಕೇಳಿ, ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿ ಅಂದಳಂತೆ. "ಈ ಅವ್ವ ಯಾರವ? ಭಾಳ ಚಲೋ ಹೆಣ್ಮಗಳು ಕಾಣ್ತಾಳ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಮತ್ತೆ ಆ ಮಾತು ತೆಗೆಯಲೂ ಇಲ್ಲ. ಇದನ್ನು ನನಗೆ ಹೇಳುವಾಗ ಅಕ್ಕೋರು ಕೆಂಪು ಪೆನ್ನಿನ ಟೊಪ್ಪಿಗೆಯನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಎರಡು ವರ್ಷದ ಮೇಲೆ ಆ ತಾಯಿ ತೀರಿಕೊಂಡಳು. ಬೆಳಿಗ್ಗೆ ಅಕ್ಕೋರ ಫೋನು ಬಂತು. "ತಮ್ಮಾ, ಹನ್ನೊಂದಕ್ಕ ಮಣ್ಣು ಮಾಡ್ತೀವಿ. ಶಾಲಿಯವರಿಗಿ ನಾಕಕ್ಕ ಅಂತ ಹೇಳೀನಿ. ನೀ ಹನ್ನೊಂದಕ್ಕ ಬಾ."

ಹೋದೆ. ಅವರ ಓಣಿಯ ಮಸಣ ಹಳೆಯ ಖಣಿಯ ಹಿಂದೆ ಇದೆ. ಅಲ್ಲಿ ಶಿಲುಬೆ ಇರುವ ಸಮಾಧಿಗಳೂ ಇವೆ, ಇಲ್ಲದವೂ ಇವೆ. ಪಾದ್ರಿಗಳು ಪ್ರಾರ್ಥನೆ ಮಾಡಿದರು, ಓಣಿಯ ಮುದುಕಿಯರು ಹಾಡಿದರು, ಅಕ್ಕೋರೂ ಹಾಡಿದರು. ಅಷ್ಟು ವರ್ಷದಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಅವತ್ತೇ ಕೇಳಿದ್ದು. ಪಾದ್ರಿಗಳು ಒಂದು ಕಟ್ಟಿಗೆಯ ಶಿಲುಬೆ ಮಾಡಿಸಿ ತಂದಿದ್ದರು. ಅಕ್ಕೋರು ಅವರ ಹತ್ತಿರ ಹೋಗಿ ಮೆಲ್ಲಗೆ, "ಅಯ್ಯಗೋಳೆ, ಇದು ನಾಳಿಗಿ ಇರ್ಲಿ" ಎಂದರು. ಅವರ ತಮ್ಮ ಶಿಲುಬೆಯನ್ನು ಎತ್ತಿಕೊಂಡು ಯಾರ ಜೊತೆಗೂ ಮಾತಾಡದೆ ಮನೆ ಕಡೆ ನಡೆದುಬಿಟ್ಟ.

ನಾಲ್ಕಕ್ಕೆ ಶಾಲೆಯವರು ಒಂದು ಜೀಪು ಮಾಡಿಕೊಂಡು ಬಂದರು. ಎಂಟು ಮಂದಿ. ಮಣ್ಣು ಆಗಿಹೋದದ್ದು ನೋಡಿ ಹಳಹಳಿಸಿದರು. ಬಿಸಿಲಿಗೆ ಇಡುವ ಹಾಗಿರಲಿಲ್ಲ ಎಂದು ಅಕ್ಕೋರು ಹೇಳಿದರು. ಅವರು ಹೂವು, ಊದಿನಕಡ್ಡಿ, ಕಾಯಿ ತಂದಿದ್ದರು. ಶಾಲೆಯ ಗುಮಾಸ್ತ ತಲೆಯ ಕಡೆ ಕೂತು ಕಾಯಿ ಒಡೆದ. ಒಬ್ಬರು ಹಿರಿಯ ಟೀಚರು, ಬಹಳ ಒಳ್ಳೆಯವರು, ಸೆರಗಿನಲ್ಲಿ ಮುಚ್ಚಿಕೊಂಡು ಮಣ್ಣಿನ ಪಣತಿ, ಎಣ್ಣೆ, ಬತ್ತಿ ತಂದಿದ್ದರು.

"ನಿಮ್ಮವ್ವನ ದೀಪದ ಬಗ್ಗೆ ಓದಿದಾಗಿಂದ ನಂಗ ಮರ್ತಿಲ್ರಿ. ನೀವೇ ಹಚ್ರಿ. ಆಕಿ ಜೀವಕ್ಕ ಸಮಾಧಾನ ಆಗ್ತದ."

ಪ್ರೀತಿಯಿಂದಲೇ ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅಕ್ಕೋರು ಒಮ್ಮೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಗಾಳಿಗೆ ಎರಡು ಕಡ್ಡಿ ಆರಿದವು. ಮೂರನೆಯದಕ್ಕೆ ದೀಪ ಹತ್ತಿತು. ತಮ್ಮನ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಹಿಂದಕ್ಕೆ ಸರಿದಳು. ಶಾಲೆಯವರು ಅದನ್ನು ದುಃಖ ಅಂದುಕೊಂಡರು.

ಆಮೇಲೆ ಒಂದು ವಾರಕ್ಕೆ ಅಕ್ಕೋರು ಹಾಳೆಗಳನ್ನು ತಂದರು. ಈ ಸಲ ವಾಡಿಯಲ್ಲಿ ಬರೆದದ್ದಲ್ಲ, ಮನೆಯಲ್ಲೇ ಬರೆದದ್ದು. ಹೊಸ ಬಿಳಿ ಹಾಳೆ. ಎಲ್ಲೂ ಒಂದು ಗೀಟಿಲ್ಲ. ಮೊದಲ ಸಾಲು ಹೀಗಿತ್ತು: 'ನಮ್ಮವ್ವ ಎಂದೂ ದೀಪ ಹಚ್ಚಲಿಲ್ಲ. ಹಚ್ಚಿದವಳು ನಾನು, ಆಕೆ ಸತ್ತ ಮೇಲೆ.'

ಪಾದ್ರಿಯ ಹೆಂಡತಿ ಅಪ್ಪನ ಹೇಸಿಗೆ ತೆಗೆದದ್ದು, ಅವ್ವ ಪ್ರಾರ್ಥನೆಗೆ ಉಡುವ ರವಿವಾರದ ಸೀರೆ, ರಜಿಸ್ಟರಿನ ಹೆಸರು, ಪ್ರಮಾಣ ಪತ್ರ, ಸೇಡಂನ ಹುಡುಗಿ, ನಾಲ್ಕು ಗಂಟೆಯ ಸುಳ್ಳು, ಎಲ್ಲ ಇತ್ತು. ಎರಡನೆಯ ಪುಟಕ್ಕೆ ನನ್ನ ಬೆರಳುಗಳು ನಿಂತವು.

"ಅಕ್ಕೋರೆ, ಇದು ಛಾಪಾದ್ರ..."

"ಗೊತ್ತದ. ಟೈಪ್ ಮಾಡು."

"ಇನ್ನೂ ಸರ್ವಿಸ್ ಅದ ನಿಮ್ಮದು."

"ಅವ್ವಂದು ಮುಗೀತಲ್ಲ ತಮ್ಮಾ. ಆಕಿ ಇದ್ದಾಗ ಆಕಿ ಜಾಗಾದಾಗ ಬ್ಯಾರೆ ಅವ್ವನ್ನ ಮಾಡಿಟ್ಟೆ. ಈಗಾದ್ರೂ ಆಕಿನ್ನ ಆಕಿಗಿ ವಾಪಸ್ ಕೊಡಬೇಕು."

ಪ್ರಬಂಧ ಬಂತು. ಕಾಗದಗಳೂ ಬಂದವು, ಕೆಲವರು ಅತ್ತು ಬರೆದಿದ್ದರು. ಪಣತಿ ತಂದಿದ್ದ ಹಿರಿಯ ಟೀಚರು ಸ್ಟಾಫ್ ರೂಮಿನಲ್ಲಿ ಒಂದು ತಿಂಗಳು ಮಾತಾಡಿಸಲಿಲ್ಲ. ಆಮೇಲೆ ಒಂದು ದಿನ ತಮ್ಮ ಡಬ್ಬಿಯ ಪಲ್ಯ ಇವರ ಕಡೆ ಸರಿಸಿದರು.

ಎರಡು ತಿಂಗಳ ಮೇಲೆ, ಮಸಣದಲ್ಲಿ ಕಾಯಿ ಒಡೆದಿದ್ದ ಆ ಗುಮಾಸ್ತ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಆ ಪ್ರಬಂಧದ ಝೆರಾಕ್ಸ್. ಇದನ್ನು ಲಗತ್ತಿಸಿ ಒಂದು ದೂರು ಟೈಪ್ ಮಾಡಬೇಕು ಎಂದ. ಅವನು ಅಕ್ಕೋರ ಜಾತಿಯವನೇ, ಶಹಾಬಾದದವನೇ, ಆದರೆ ಬೇರೆ ಓಣಿಯ, ಹಿಂದೂವಾಗಿ ಉಳಿದ ಮನೆಯವನು. ನಾನು ಕೇಳುವ ಮೊದಲೇ ಅವನೇ ಶುರು ಮಾಡಿದ.

"ನಂಗ ಅವರ ದೇವರ ಮ್ಯಾಲ ಸಿಟ್ಟಿಲ್ರಿ. ಯಾರಿಗಿ ಬೇಕಾದ್ರೂ ನಡಕೊಳ್ಲಿ. ಆದರ ಅವರಿಗಿ ನೌಕರಿ ಸಿಕ್ಕ ವರ್ಷ ನಮ್ಮ ಜಾತಿ ಪಾಲಿನ ಹುದ್ದೆ ಒಂದೇ ಇತ್ತು. ಮೊದಲನೇ ಹೆಸರು ಅವರದು. ಎರಡನೇದು ನಮ್ಮಕ್ಕಂದು. ನಮ್ಮಕ್ಕ ಟ್ರೇನಿಂಗ್ ಮಾಡ್ಯಾಳ, ಇವತ್ತಿಗೂ ಕಲ್ಲು ಪಾಲಿಶ್ ಕೆಲಸಕ್ಕ ಹೋಗ್ತಾಳ. ನೀವೇ ಹೇಳ್ರಿ, ಕುರ್ಚಿ ಯಾರದು?"

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಾನು ಆಗುವುದಿಲ್ಲ ಅನ್ನಬಹುದಿತ್ತು. ಅಂದರೆ ಪಕ್ಕದ ಅಂಗಡಿಯವನು ಮಾಡುತ್ತಿದ್ದ ಎಂದು ನನಗೆ ನಾನೇ ಹೇಳಿಕೊಂಡೆ. ಕೋರ್ಟಿನ ಎದುರು ಕೂತವನು ಒಬ್ಬರ ದೂರು ಟೈಪ್ ಮಾಡಿ ಇನ್ನೊಬ್ಬರದು ಬಿಟ್ಟರೆ ಹೇಗೆ ಎಂದೂ ಹೇಳಿಕೊಂಡೆ. ಟೈಪ್ ಮಾಡಿದೆ. ಅವನ ಹಾಳೆಯಲ್ಲಿ 'ಪರಿಸಿಷ್ಟ' ಎಂದಿತ್ತು. ಅಕ್ಕೋರು ಕಲಿಸಿದ ಹಾಗೆ 'ಪರಿಶಿಷ್ಟ' ಎಂದು ತಿದ್ದಿದೆ. ಅವರಿಗೆ ಒಂದು ಫೋನ್ ಮಾಡಿ ತಿಳಿಸಬೇಕು ಅನ್ನಿಸಿತು. ಅದನ್ನೂ ಮಾಡಲಿಲ್ಲ.

ನೋಟೀಸು ಬಂದ ದಿನ ಅಕ್ಕೋರು ನೇರ ಅಂಗಡಿಗೆ ಬಂದರು. ದೂರಿನ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು ಅಂಚಿನ ಮೇಲೆ ಬೆರಳಾಡಿಸಿದರು. ಎಡಕ್ಕೆ ಎರಡು ಬೆರಳು ಜಾಗ ಬಿಡುವುದು ನನ್ನ ರೂಢಿ, ಅದನ್ನು ಕಲಿಸಿದವರೂ ಅವರೇ.

"ಇದು ನಿನ್ನ ಟೈಪಿಂಗ್ ಅಲ್ಲೇನು?"

"ಹೌದ್ರಿ."

ಹೊರಗೆ ಯಾರದೋ ಹೆಸರು ಹಿಡಿದು ಕೋರ್ಟಿನ ಜವಾನ ಕೂಗುತ್ತಿದ್ದ. ಆಮೇಲೆ ಅವರು ಹಾಳೆ ಮಡಿಚಿ ಚೀಲದಲ್ಲಿ ಇಟ್ಟುಕೊಂಡರು.

"ಒಂದೂ ತಪ್ಪಿಲ್ಲದಂಗ ಮಾಡೀದಿ" ಎಂದರು.

ಅವರು ಬೈದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ವಿಚಾರಣೆ ಎರಡು ಸಲ ಆಯಿತು. ಎರಡನೆಯ ಸಲ ವಿಚಾರಣೆ ಮಾಡುವ ಸಾಹೇಬರು, ವಯಸ್ಸಾದವರು, ಪ್ರಬಂಧವನ್ನು ಪೂರಾ ಓದಿಕೊಂಡು ಬಂದಿದ್ದರಂತೆ. ಉಳಿದವರನ್ನು ಹೊರಗೆ ಕಳಿಸಿ ಅವರು ಹೇಳಿದ್ದನ್ನು ಅಕ್ಕೋರು ನನಗೆ ಹಾಗೇ ಹೇಳಿದರು. "ನೋಡ್ರಿ ಟೀಚರ್, ನಿಮ್ಮ ಕಾಗದಪತ್ರ ಎಲ್ಲ ಸರಿ ಅವ. ಎಲ್ಲಾ ಕಡಿ ಹಿಂದೂ ಅಂತೇ ಅದ. ನಿಮ್ಮ ವಿರುದ್ಧ ಇರೋದು ನೀವು ಬರದದ್ದು ಒಂದೇ. ಲೇಖಕರು ಕಲ್ಪನಾ ಮಾಡಿ ಬರೀತಾರ. ಇದು ಕಥಿ, ನನ್ನ ಬದುಕಲ್ಲ ಅಂತ ಬರಕೊಡ್ರಿ. ನಾ ಮುಗಸ್ತೀನಿ."

"ನೀವು ಏನಂದ್ರಿ?" ಎಂದು ಕೇಳಿದೆ.

"ವಾರ ಟೈಮ್ ಕೇಳಿ ಬಂದೀನಿ."

ಆ ವಾರ ಅವರು ಒಳಗೊಳಗೇ ಒಣಗಿದರು. ನೌಕರಿ ಹೋದರೆ ಹೋಗಲಿ ಎಂದು ಮೊದಲ ಮೂರು ದಿನ ಗಟ್ಟಿಯಾಗಿದ್ದರು. ಅಪ್ಪನ ಹಾಗೆ ಕಲ್ಲು ಹೊತ್ತು ತಿನ್ನುತ್ತೇನೆ ಎಂದೂ ಒಮ್ಮೆ ಅಂದರು. ನಾಲ್ಕನೆಯ ದಿನ ಚಿಂಚೋಳಿಯಿಂದ ತಮ್ಮನ ಮಗಳು ಬಂದಳು. ಅವಳು ಆಗ ಅಲ್ಲಿಯ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ಸೇರಿ ವರ್ಷವೂ ಆಗಿರಲಿಲ್ಲ. ಮನೆಯಲ್ಲಿ ತನ್ನ ಅಪ್ಪನ ಮುಂದೆ ಮಾತಾಡಲಾರದೆ ಅತ್ತೆಯನ್ನು ನನ್ನ ಅಂಗಡಿಗೇ ಕರೆದುಕೊಂಡು ಬಂದು ಕೂತಳು. ನಾನು ಎದ್ದು ಹೊರಗೆ ಹೋಗಲು ನೋಡಿದರೆ ಅಕ್ಕೋರು ಕೂಡು ಎಂದು ಕೈ ಮಾಡಿದರು.

"ಅತ್ತಿ, ನೀ ಬರದದ್ದು ನಾ ಚಿಂಚೋಳ್ಯಾಗ ನಮ್ಮ ವಾರ್ಡಿನವರಿಗೆಲ್ಲಾ ಓದಿ ಹೇಳಬೇಕು ಅನ್ನಿಸ್ತದ. ಅಜ್ಜಿನ್ನ ಹಂಗೇ ಇಟ್ಟೀದಿ. ಆದರ ನಿನ್ನ ಪ್ರಮಾಣ ಪತ್ರ ಸುಳ್ಳ ಅಂತ ಆದ್ರ ನಂದೂ ಸುಳ್ಳ ಆಗ್ತದ. ಒಂದೇ ವಂಶಾವಳಿ ಅತ್ತಿ. ನಾ ಬರದಾಕಿ ಅಲ್ಲ. ನಂಗ ಯಾಕ ಶಿಕ್ಷಾ?"

ಅಕ್ಕೋರು ಅವಳ ಕೈ ಹಿಡಿದುಕೊಂಡು ಕೂತರು. ಅವಳನ್ನು ಚಿಂಚೋಳಿ ಬಸ್ಸಿಗೆ ಹತ್ತಿಸಿ ಮತ್ತೆ ಅಂಗಡಿಗೆ ಬಂದರು. ಚಹಾ ಬೇಡ ಎಂದರು. ಹಾಳೆ ತಂದಿರಲಿಲ್ಲ. ಬಾಯಿಂದಲೇ ಹೇಳಿದರು.

"ಬರಿ. 'ಮಾನ್ಯರೇ, ಮೇಲ್ಕಂಡ ಬರಹವು ನನ್ನ ಸ್ವಂತ ಜೀವನದ ವೃತ್ತಾಂತವಾಗಿರುವುದಿಲ್ಲ. ಅದು ಕಾಲ್ಪನಿಕವಾಗಿದ್ದು, ಕಥೆ ಎಂದು ಓದಿಕೊಳ್ಳತಕ್ಕದ್ದು.'"

ಟೈಪ್ ಮಾಡಿದೆ.

"'ಅದರಲ್ಲಿ ಬರುವ ತಾಯಿಯು ನನ್ನ ತಾಯಿ ಅಲ್ಲ.'"

ನಾನು ಅವರ ಮುಖ ನೋಡಿದೆ. ಅವರು ಪರದೆಯನ್ನೇ ನೋಡುತ್ತಿದ್ದರು. "ಸಾಹೇಬರು ಕೇಳಿಲ್ಲಲ್ರಿ ಅದನ್ನ" ಎಂದೆ.

"ನಾಳಿಗಿ ಮತ್ತೊಬ್ಬ ಕೇಳ್ತಾನ. ಬರಿ."

ಬರೆದೆ. ಅವರು ಪರದೆಯ ಮೇಲೆ 'ನನ್ನ' ಎಂಬ ಮಾತಿಗೆ ಬೆರಳಿಟ್ಟು, "ಇನ್ನೊಂದು ಸಾಲು ಹಾಕು. 'ಅದರಲ್ಲಿ ಬರುವ ನಾನು ಎಂಬುವಳು ನಾನಲ್ಲ'" ಎಂದರು. ಮುದ್ರಿಸಿ ಕೊಟ್ಟೆ. ಕೆಂಪು ಪೆನ್ನು ತೆಗೆಯದೆ, ಓದದೆ, ರಜಿಸ್ಟರಿನ ಹೆಸರಿನಲ್ಲಿ ಸಹಿ ಮಾಡಿದರು. ನಾನು ತಿದ್ದದ ಒಂದು ತಪ್ಪು ಆ ಹಾಳೆಯಲ್ಲಿ ಉಳಿದಿತ್ತು ಎಂದು ಅವರು ಹೋದ ಮೇಲೆ ನೋಡಿದೆ.

ಪ್ರಕರಣ ಮುಗಿಯಿತು. ಪತ್ರಿಕೆಗೂ ಒಂದು ಪ್ರತಿ ಹೋಯಿತು. ಅವರು ಮುಂದಿನ ಸಂಚಿಕೆಯ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದರು. ಮರುವರ್ಷ ಯಾರೋ ಆ ಪ್ರಬಂಧವನ್ನು ಕಥಾಸಂಕಲನಕ್ಕೆ ಸೇರಿಸಿಕೊಂಡರು. ಗುಮಾಸ್ತನ ಅಕ್ಕನಿಗೆ ಏನೂ ಸಿಗಲಿಲ್ಲ. ಒಂದು ದಿನ ಅವನೇ ಬಂದು, "ಯಾರಿಗೂ ಏನೂ ಆಗಲಿಲ್ಲ ಬಿಡ್ರಿ. ನಾ ಸುಮ್ನ ಅವರ ಕೂಡ ಮಾತು ಕಳಕೊಂಡೆ" ಎಂದು ಹೇಳಿ ಹೋದ. ಅಕ್ಕೋರು ಮಾತ್ರ ಅವನ ಜೊತೆ ಮಾತು ಬಿಟ್ಟಿರಲಿಲ್ಲ. ಅವನಿಗೇ ಉತ್ತರ ಕೊಡಲಾಗುತ್ತಿರಲಿಲ್ಲ.

ಶಹಾಬಾದದಲ್ಲಿ ಅದಕ್ಕಿಂತ ಕಷ್ಟವಾಯಿತು. ತಿದ್ದುಪಡಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಚರ್ಚಿನಲ್ಲಿ ಅವ್ವನ ಓರಗೆಯ ಒಬ್ಬ ಮುದುಕಿ ಇವರ ಗಲ್ಲ ಹಿಡಿದು, "ನಾವೆಲ್ಲಾ ನಿನ್ನ ಕಥಿಯೊಳಗಿನ ಮಂದಿ ಏನವ?" ಎಂದು ಕೇಳಿದಳಂತೆ. ಅವರ ತಮ್ಮ ಎರಡು ವರ್ಷ ಮಾತು ಬಿಟ್ಟ. ಮಗಳ ನೌಕರಿ ಉಳಿದದ್ದು ಯಾವುದರಿಂದ ಎಂದು ಅವನಿಗೂ ಗೊತ್ತಿತ್ತು. ಬಹುಶಃ ಅದಕ್ಕೇ ಬಿಟ್ಟನೇನೋ.

ನಿವೃತ್ತಿಯಾಗುವವರೆಗೆ ಅಕ್ಕೋರು ಒಂದು ಸಾಲೂ ಬರೆಯಲಿಲ್ಲ. ವಾಡಿಯಲ್ಲಿ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರು ಎಂದು ನೋಡಿದವರು ಹೇಳುತ್ತಿದ್ದರು. ನನ್ನ ಅಂಗಡಿಗೆ ಪ್ರಶ್ನೆ ಪತ್ರಿಕೆ ಟೈಪ್ ಮಾಡಿಸಲು ಬರುತ್ತಿದ್ದರು. ಹತ್ತಕ್ಕೆ ಎಷ್ಟು ಎಂದು ನಾನೂ ಕೇಳಲಿಲ್ಲ, ಅವರೂ ಹಾಕಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಏನೋ ಕೆಲಸಕ್ಕೆ ಶಹಾಬಾದಿಗೆ ಹೋದವನು ಅವರ ಮನೆಗೆ ಹೋದೆ. ಆಗಲೇ ಮೈಯಲ್ಲಿ ಆರಾಮ ಇರಲಿಲ್ಲ, ಬಹಳ ಸೊರಗಿದ್ದರು. ಮನೆಯ ಮುಂದೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ಓಣಿಯ ಮೂರು ನಾಲ್ಕು ಹೆಂಗಸರು. ಗಂಡಂದಿರನ್ನು ಖಣಿಯ ಧೂಳಿಗೆ ಕಳಕೊಂಡವರು, ಪಿಂಚಣಿಗೆ, ರೇಷನ್ ಕಾರ್ಡಿಗೆ ಅರ್ಜಿ ಹಾಕುವವರು. ಅಕ್ಕೋರು ಅವರಿಗೆ ಅರ್ಜಿ ಬರೆದುಕೊಡುತ್ತಿದ್ದರು.

"ಬಾ ತಮ್ಮಾ, ಕೂಡು. ಈಗ ನಿನ್ನ ಕೆಲಸ ನಾ ಮಾಡಾಕತ್ತೀನಿ" ಎಂದರು.

ಸ್ವಲ್ಪ ಹೊತ್ತು ಕೂತ ಮೇಲೆ, ಕೇಳಬಾರದು ಎಂದುಕೊಂಡೇ ಕೇಳಿದೆ. "ನಿಮ್ಮದು ಏನರೆ ಬರೀತೀರೇನ್ರಿ ಅಕ್ಕೋರೆ? ಈಗ ನೌಕರಿ ಇಲ್ಲಲ್ಲ."

"ಹುಡುಗೀದು ನೌಕರಿ ಅದ ಅಲ್ಲ" ಎಂದರು. ಆಮೇಲೆ, "ಅದೂ ಅಲ್ಲ ಅನ್ನು. ಒಮ್ಮೆ ಕೂತೆ. 'ನಾನು' ಅಂತ ಬರದೆ. ಮುಂದ ಕೈ ಹೋಗಲಿಲ್ಲ. ಸಹಿ ಮಾಡಿ ಬಂದೀನಲ್ಲ, ಆಕಿ ನಾ ಅಲ್ಲ ಅಂತ. ಇವರ ಅರ್ಜಿಯೊಳಗ ಮಾತ್ರ ನಡೀತದ" ಎಂದರು.

ಅಷ್ಟರಲ್ಲಿ ತಲೆತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಬಂದು ಅವರ ಕಾಲಿನ ಹತ್ತಿರ ನೆಲದ ಮೇಲೆ ಕೂತಳು. ಅಕ್ಕೋರು ಅವಳನ್ನು ಎಬ್ಬಿಸಿ ಪಕ್ಕದ ಕುರ್ಚಿಯ ಮೇಲೆ ಕೂಡಿಸಿದರು. ಹೊಸ ಹಾಳೆ ತೆಗೆದು ಎಡಕ್ಕೆ ಜಾಗ ಬಿಟ್ಟು, ಅದೇ ದುಂಡು ಅಕ್ಷರದಲ್ಲಿ 'ನಾನು' ಎಂದು ಬರೆದರು. ಪೆನ್ನು ಎತ್ತದೆ ಅವಳ ಕಡೆ ಮುಖ ಮಾಡಿದರು.

"ಹೇಳವ, ನೀ ಯಾರು?"